ಸಿಪ್ಪೆ ಸುಡುತ್ತಿದ್ದ ಅಕ್ಕ

ಬಿತ್ತನೆಗೆಂದು ಸುಲಿದ ಕಡಲೆಕಾಯಿಯ ಸಿಪ್ಪೆಯನ್ನು ಆಕೆ ಎಂದೂ ತಿಪ್ಪೆಗೆ ಹಾಕುತ್ತಿರಲಿಲ್ಲ. ಮೊರದಲ್ಲಿ ತುಂಬಿಕೊಂಡು ಹಿತ್ತಲಿಗೆ ಹೋಗಿ, ಬಚ್ಚಲ ಒಲೆಗೆ ಸುರಿದು, ಅದು ಪೂರ್ತಿ ಉರಿದು ಬೂದಿಯಾಗುವವರೆಗೆ ಅಲ್ಲೇ ಕುಕ್ಕರಗಾಲಲ್ಲಿ ಕೂತಿರುತ್ತಿದ್ದಳು. ಆಮೇಲೆ ಬೂದಿಯನ್ನೂ ಒಂದು ಕಡ್ಡಿಯಿಂದ ಕೆದಕಿ ನೋಡುತ್ತಿದ್ದಳು. ಅವರ ಮನೆಯ ಮುಂದಿನ ಎರಡು ಕೋಣೆಗಳಿಗೆ ಬಾಡಿಗೆಗೆ ಬಂದ ಹೊಸದರಲ್ಲಿ ನಾನು ಇದನ್ನು ಕಂಡು, ಸೌದೆ ಉಳಿಸುವ ಜಾಣತನ ಎಂದುಕೊಂಡಿದ್ದೆ. ಅದು ಭಯ ಎಂದು ತಿಳಿಯುವುದಕ್ಕೆ ಬಹಳ ಕಾಲ ಹಿಡಿಯಿತು.

ಈ ಬೇಸಿಗೆಯ ಕೊನೆಯಲ್ಲಿ ಮುನಿರಾಜು ಫೋನು ಮಾಡಿದ. ಅಕ್ಕನ ಎದುರುಮನೆಯವನು. "ಮೇಷ್ಟ್ರೇ, ಅಕ್ಕ ಹೋಗ್ಬುಟ್ರು. ಬೆಳಿಗ್ಗೆ ಹಸು ಹಾಲು ಕರೆದು ಪಾತ್ರೆ ಇಟ್ಟವ್ರೆ, ಹಂಗೇ ಕೂತವ್ರೆ, ಅಷ್ಟೇ," ಅಂದ. ನಾನು ಏನಾದರೂ ಹೇಳುವುದರೊಳಗೆ ಅವನೇ ಮುಂದುವರಿಸಿದ: "ಈ ವರ್ಷ ಏನ್ ಮಾಡೋದು ಅಂತಾನೇ ತೋಚ್ತಿಲ್ಲ ಮೇಷ್ಟ್ರೇ." ಸಾವಿನ ಸುದ್ದಿಗಿಂತ ಆ ಎರಡನೆಯ ಮಾತು ನನ್ನನ್ನು ಹೆಚ್ಚು ಹೆದರಿಸಿತು.

ಆಕೆಯ ಹೆಸರನ್ನು ನಾನು ಬರೆಯುವುದಿಲ್ಲ. ಊರಿಗೆಲ್ಲ ಆಕೆ ಅಕ್ಕ; ವಯಸ್ಸಿನಲ್ಲಿ ದೊಡ್ಡವರೂ ಹಾಗೇ ಕರೆಯುತ್ತಿದ್ದರು, ನನಗೂ ಅಕ್ಕನೇ ಆದಳು. ಊರಿನ ಹೆಸರನ್ನೂ ಬರೆಯುವುದಿಲ್ಲ. ಸೂಲಿಬೆಲೆಯಿಂದ ಬೂದಿಗೆರೆಯ ಕಡೆ ಹೋಗುವಾಗ ಎಡಕ್ಕೆ ತಿರುಗಿದರೆ ಸಿಗುತ್ತದೆ, ಅಷ್ಟು ಸಾಕು. ಹೆಸರು ಹೇಳಿದರೆ ಯಾರಾದರೂ ಆ ಮನೆಯ ತಿಪ್ಪೆಯನ್ನು ಹುಡುಕಿಕೊಂಡು ಹೋದಾರು ಎಂಬ ದಿಗಿಲು ನನಗೂ ಅಂಟಿಕೊಂಡಿದೆ.

ನಾನು ಸಂಖ್ಯಾಶಾಸ್ತ್ರ ಓದಿದವನು. ಸೂಲಿಬೆಲೆಯಲ್ಲಿ ಪಿಯು ಹುಡುಗರಿಗೆ ಅದನ್ನೇ ಪಾಠ ಹೇಳುತ್ತಿದ್ದೆ. ಒಂದು ಸಲ ಆದದ್ದನ್ನು ನೋಡಿ ಏನನ್ನೂ ತೀರ್ಮಾನಿಸಬೇಡಿ ಎಂದು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುತ್ತಿದ್ದೆ. ನನ್ನ ನೆನಪಿನ ವಿಷಯದಲ್ಲೂ ಅಷ್ಟೇ ಎಚ್ಚರ ನನಗೆ. ಅಕ್ಕನ ಹೆಗಲ ಮೇಲೆ ಸದಾ ಒಂದು ಕೆಂಪು ಟವೆಲು ಇರುತ್ತಿತ್ತು ಎಂದು ನನಗೆ ನೆನಪು. "ಅದು ಅವರ ಯಜಮಾನ್ರದ್ದು ರೀ, ಅಕ್ಕ ಯಾವತ್ತು ಟವೆಲ್ ಹಾಕ್ಕೊಂಡಿದ್ರು?" ಎನ್ನುತ್ತಾಳೆ ನನ್ನ ಹೆಂಡತಿ. ಇಬ್ಬರಲ್ಲಿ ಒಬ್ಬರದು ತಪ್ಪು. ಇಬ್ಬರದೂ ತಪ್ಪಿರಬಹುದು. ಆದ್ದರಿಂದ ಮುಂದೆ ಬರೆಯುವುದನ್ನು ಒಂದಿಷ್ಟು ಅನುಮಾನವಿಟ್ಟುಕೊಂಡೇ ಓದಬೇಕು.

ಹಾಗೆ ನೋಡಿದರೆ ಅಕ್ಕ ಹೆದರುವ ಜೀವವಲ್ಲ. ಸೌದೆಯ ರಾಶಿಯೊಳಗೆ ಹಾವು ಸೇರಿಕೊಂಡಾಗ ನಾನು ಜಗಲಿಯ ಮೇಲೆ ಹತ್ತಿ ನಿಂತಿದ್ದೆ. ಆಕೆ ಕೋಲಿನಲ್ಲಿ ಎತ್ತಿ ಬೇಲಿಯಾಚೆಗೆ ಬಿಟ್ಟು ಬಂದು, "ಇಳೀರಿ ಮೇಷ್ಟ್ರೇ, ಅದಕ್ಕೂ ಪಾಠ ಬೇಡ್ವಂತೆ," ಅಂದಿದ್ದಳು. ಜಮೀನು ಕೊಳ್ಳಿಸುವ ದಲ್ಲಾಳಿಯೊಬ್ಬ ಕಪ್ಪು ಕನ್ನಡಕ ಹಾಕಿಕೊಂಡು ಕಾರಿನಿಂದ ಇಳಿದು ಸೈಟಿನ ಮಾತು ತೆಗೆದಾಗ ಅವನ ಮುಖವನ್ನೇ ನೋಡುತ್ತ, "ಏನಪ್ಪಾ, ಕಣ್ಣು ಬಂದೈತಾ? ನಂದಿಬಟ್ಟಲ ಹೂವಿನ ರಸ ಬಿಟ್ಕೊ, ವಾಸಿಯಾಗ್ತದೆ," ಅಂದಳು. ಅವನು ಕನ್ನಡಕ ತೆಗೆದು ಒರೆಸಿಕೊಂಡು ಹೊರಟುಹೋದ. ಗಂಡ ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಶಿಫ್ಟು ಕೆಲಸಕ್ಕೆ ಹೋಗುತ್ತಿದ್ದರು. ಮಾತು ಕಡಿಮೆ. ಹೊಲ, ಹಸು, ಊರಿನ ನ್ಯಾಯ ಎಲ್ಲ ಅಕ್ಕನದೇ.

ಆಕೆ ಹೆದರುತ್ತಿದ್ದದ್ದು ಒಂದಕ್ಕೇ. ತನ್ನನ್ನು ನೋಡಿಕೊಂಡು ಊರು ನಡೆಯುತ್ತದೆ ಎಂಬುದಕ್ಕೆ.

ಅದನ್ನು ಹೇಳಬೇಕಾದರೆ ಕಡಲೆಕಾಯಿಯ ವಿಷಯ ಸ್ವಲ್ಪ ಹೇಳಬೇಕು. ಆ ಊರಲ್ಲಿ ಎರಡು ಜಾತಿ. ನೆಟ್ಟಗೆ ಗಿಡವಾಗಿ ನಿಲ್ಲುವುದನ್ನು ಗಿಡಗಡ್ಲೆ ಎನ್ನುತ್ತಿದ್ದರು, ನೆಲದ ಮೇಲೆ ಹರಡಿಕೊಳ್ಳುವುದನ್ನು ಹಬ್ಬುಗಡ್ಲೆ. ಗಿಡಗಡ್ಲೆ ಮೂರು ತಿಂಗಳು ಚಿಲ್ಲರೆಗೆ ಕೀಳಲು ಬರುತ್ತದೆ. ಹಬ್ಬುಗಡ್ಲೆಗೆ ಅದರ ಮೇಲೆ ಇನ್ನೊಂದು ತಿಂಗಳಾದರೂ ಬೇಕು. ನಮ್ಮ ಕಡೆಯ ಮಳೆಯೋ, ಬಿತ್ತುವಾಗ ಸತಾಯಿಸುತ್ತದೆ, ನಡುವೆ ಕೈಬಿಡುತ್ತದೆ, ಹುಬ್ಬೆ, ಉತ್ತರೆ, ಹಸ್ತೆ ಎಂದು ಕೊನೆಯಲ್ಲಿ ಜೋರು ಮಾಡುತ್ತದೆ. ಅದೂ ಒಂದೊಂದು ವರ್ಷ.

"ಗಿಡಗಡ್ಲೆ ಅವಸರದ್ದು ಮೇಷ್ಟ್ರೇ," ಅಕ್ಕ ಒಮ್ಮೆ ವಿವರಿಸಿದ್ದಳು. "ಬೇಗ ಬಂದು ಬೇಗ ಹೋಗ್ತದೆ. ಹೋಗೋ ಹೊತ್ಗೆ ಹಸ್ತೆ ಮಳೆ ಹಿಡ್ಕಂಡ್ರೆ ನೆಲದಾಗೇ ಮೊಳಕೆ ಒಡೆದು ಕೂತ್ಕತದೆ. ಹಬ್ಬುಗಡ್ಲೆ ಸೋಮಾರಿ. ಎಷ್ಟ್ ಮಳೆ ಹೊಡೆದ್ರೂ ಹೊದ್ಕಂಡು ಮಲಗಿರ್ತದೆ, ಮೊಳೆಯಲ್ಲ. ಆದ್ರೆ ಕೊನೇ ಮಳೆ ಬರ್ನಿಲ್ಲ ಅಂದ್ರೆ ಕಾಯೊಳಗೆ ಗಾಳಿ ತುಂಬ್ಕಂಡಿರ್ತದೆ."

"ಹಾಗಾದರೆ ನಮ್ಮ ಊರಿನ ಮಳೆಗೆ ಯಾವುದು ಸರಿ?"

"ಯಾವ ವರ್ಷದ ಮಳೆಗೆ?"

ನಾನು ಸುಮ್ಮನಿರುವವನಲ್ಲ. ಹಿಂದಿನ ವರ್ಷಗಳ ಮಳೆಯ ಲೆಕ್ಕ ನೋಡಿ, ಯಾವ ಜಾತಿಗೆ ಅವಕಾಶ ಹೆಚ್ಚೆಂದು ಹೇಳಬಹುದು ಎಂದು ವಾದಿಸಿದೆ. ಈಗಲೂ ಅದು ಸರಿಯಾದ ವಾದವೇ. ಅಕ್ಕನೂ ಅಲ್ಲಗಳೆಯಲಿಲ್ಲ. "ಹೇಳ್ಬೋದು. ಸೂಲಿಬೆಲೇಲಿ ಬಿದ್ದ ಮಳೆ ಲೆಕ್ಕ ಸೂಲಿಬೆಲೆಗೆ ಆಗ್ತದೆ. ಬೂದಿಗೆರೇಲಿ ಸುರೀತಿರ್ತದೆ, ನಮ್ಮ ಕೆರೆ ಏರಿ ತಾವ ಧೂಳು ಏಳ್ತಿರ್ತದೆ. ನಾನಂತೂ ಎರಡು ಕಾಲ ಮೇಲೆ ನಿಲ್ಲೋಳಪ್ಪ." ಅಂದರೆ ಅರ್ಧ ಹೊಲಕ್ಕೆ ಗಿಡಗಡ್ಲೆ, ಅರ್ಧಕ್ಕೆ ಹಬ್ಬುಗಡ್ಲೆ. ಪ್ರತಿ ವರ್ಷ. ಹಾಗೆ ಬಿತ್ತಿದ್ದರಲ್ಲಿ ಎಲ್ಲ ಚೆನ್ನಾಗಿ ಬಂದ ವರ್ಷವೇ ಇಲ್ಲ, ಎಲ್ಲ ಹೋದ ವರ್ಷವೂ ಇಲ್ಲ. "ಅರ್ಧ ಹೊಟ್ಟೆಯವಳು" ಎಂದು ಓರಗಿತ್ತಿ ಹಂಗಿಸುತ್ತಿದ್ದಳು.

ಇಂಥ ಅರ್ಧಂಬರ್ಧದ ಬೇಸಾಯದವಳಿಗೆ ಊರು ಮರುಳಾದದ್ದು ಹೇಗೆ? ನಾನು ಬರುವುದಕ್ಕೆ ಮುಂಚಿನ ಕತೆ ಇದು. ಒಂದು ವರ್ಷ ಹಸ್ತೆಯ ಮಳೆ ಬಿಡದೆ ಹಿಡಿದು ಊರಿನ ಗಿಡಗಡ್ಲೆಯೆಲ್ಲ ನೆಲದಲ್ಲೇ ಮೊಳೆತುಹೋಯಿತಂತೆ. ಅಕ್ಕನ ಹೊಲದಲ್ಲಿ ಮಾತ್ರ ಆ ವರ್ಷ ಪೂರ್ತಿ ಹಬ್ಬುಗಡ್ಲೆ. ಅಂದಿನಿಂದ ಊರಿನವರ ಬಾಯಲ್ಲಿ, ಅಕ್ಕನಿಗೆ ಮಳೆ ಮುಂಚೆಯೇ ಗೊತ್ತಾಗುತ್ತದೆ. ನಿಜ ಏನೆಂದು ನಾನು ಕೇಳಿದೆ. ಆಕೆ ಸುತ್ತಮುತ್ತ ನೋಡಿ ದನಿ ತಗ್ಗಿಸಿದಳು. "ಗಿಡಗಡ್ಲೆ ಬೀಜಕ್ಕೆ ಇಲಿ ಬಿದ್ದಿತ್ತು ಮೇಷ್ಟ್ರೇ. ಬೀಜ ಸಾಲ್ದೆ ತವರಿಂದ ತಂದೆ. ಅವರ ತಾವ ಇದ್ದಿದ್ದು ಹಬ್ಬುಗಡ್ಲೆ ಒಂದೇ. ಇಷ್ಟೇ ಕತೆ. ಎಷ್ಟ್ ಸಲ ಹೇಳಿದೀನಿ, ನಗ್ತಾರೆ. ಅಕ್ಕ ಗುಟ್ಟು ಬಿಟ್ಕೊಡಲ್ಲ ಅಂತಾರೆ."

ಅದಾದ ಮೇಲೆ ಶುರುವಾದದ್ದು ತಿಪ್ಪೆ ನೋಡುವ ಪದ್ಧತಿ. ಅಕ್ಕ ಬಾಯಿ ಬಿಡದಿದ್ದರೇನು, ಸಿಪ್ಪೆ ಹೇಳುತ್ತದಲ್ಲ! ಗಿಡಗಡ್ಲೆಯ ಸಿಪ್ಪೆ ಚಿಕ್ಕದು, ತೆಳು, ಸೊಂಟವಿಲ್ಲದ್ದು. ಹಬ್ಬುಗಡ್ಲೆಯದು ದಪ್ಪ, ಮೈಮೇಲೆ ಬಲೆಯಂಥ ಗೆರೆ, ತುದಿಯಲ್ಲಿ ಗಿಳಿಮೂತಿ. ಬಿತ್ತನೆಗೆ ಮುಂಚೆ ಜನ ಹಾಲು ಹಾಕಲು ಡೇರಿಗೆ ಹೋಗುವ ನೆಪದಲ್ಲಿ ಆಕೆಯ ತಿಪ್ಪೆಯ ಬಳಿ ನಡಿಗೆ ನಿಧಾನ ಮಾಡುತ್ತಿದ್ದರು. ಯಾವ ಸಿಪ್ಪೆ ಹೆಚ್ಚು ಕಂಡಿತೋ ಆ ಬೀಜ. ಅರ್ಧ ಅರ್ಧ ಎಂಬುದು ಯಾರಿಗೂ ಬೇಕಿರಲಿಲ್ಲ. ಅದಕ್ಕೇ ಅಕ್ಕ ಸಿಪ್ಪೆ ಸುಡಲು ಹಿಡಿದದ್ದು.

ಆಕೆಯ ಒಂದು ಅಭ್ಯಾಸ ಕಣ್ಣಿಗೆ ಕಟ್ಟಿದಂತಿದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹೆಬ್ಬೆರಳಿನಿಂದ ಒತ್ತಿ ಬಿಡಿಸಿ, ಬೀಜ ನೋಡುವುದಕ್ಕೆ ಮುಂಚೆ ಸಿಪ್ಪೆಯ ಒಳಮೈ ನೋಡುತ್ತಿದ್ದಳು. ಒಳಗೆ ಕಂದು ಬಣ್ಣ ತಿರುಗಿದ್ದರೆ ಬಲಿತದ್ದು, ಬೆಳ್ಳಗಿದ್ದರೆ ಎಳಸು. ಬೂಷ್ಟು ಹಿಡಿದ ಬೀಜ ಸಿಕ್ಕರೆ ಬೇರೆ ಇಟ್ಟು ಹಸುವಿಗೆ ಹಾಕುತ್ತಿದ್ದಳು. ಆ ಬೂಷ್ಟಿನಲ್ಲಿ ವಿಷವಿರುತ್ತದೆ, ಅದು ಹಾಲಿಗೂ ಇಳಿಯುತ್ತದೆ ಎಂದು ನಾನು ಹೇಳಿದ ದಿನ ಆಕೆ ಬೇರೆ ಇಟ್ಟಿದ್ದ ಬೀಜಗಳನ್ನು ಒಂದೊಂದಾಗಿ ಎಣಿಸಿದಳು. ಆಮೇಲೆ, "ನನ್ ಕೈಲಿ ಊರಿಗೆಲ್ಲ ಇನ್ನೇನೇನ್ ತಿನ್ನಿಸಿದೀನೋ," ಅಂದಳು. ಅಂದಿನಿಂದ ಅಂಥ ಬೀಜವನ್ನೂ ಒಲೆಗೇ ಹಾಕಿದಳು. ಒಂದು ಹೊಸ ಭಯವನ್ನು ನಾನೇ ಕಲಿಸಿದ ಹಾಗಾಯಿತು.

ಇನ್ನು ಆ ವರ್ಷದ ಸಂಗತಿ.

ಮುಂಗಾರು ತಡವಾಗಿತ್ತು. ಊರೆಲ್ಲ ಬಾನು ನೋಡುತ್ತ ಕೂತಿತ್ತು. ಅಕ್ಕನ ಮಗಳು ಚೊಚ್ಚಲ ಬಸುರಿ. ಆಷಾಢ ಹುಟ್ಟುವುದಕ್ಕೆ ಮುಂಚೆ ಮಡಿಲು ತುಂಬುವ ಶಾಸ್ತ್ರ ಮುಗಿಸಬೇಕೆಂಬ ಅವಸರ. ಮಗಳಿಗೆ ಕಡಲೆಬೀಜದ ಉಂಡೆ ಎಂದರೆ ಪ್ರಾಣ. ಉಂಡೆಗೆ ದಪ್ಪ ಬೀಜವಿದ್ದರೆ ಚೆನ್ನ ಎಂದು ಅಕ್ಕ ಹಬ್ಬುಗಡ್ಲೆಯ ಮೂಟೆ ಬಿಚ್ಚಿದಳು. ನೆರೆಹೊರೆಯ ಹೆಂಗಸರೆಲ್ಲ ಹಿತ್ತಲಲ್ಲಿ ಕೂತು ಸುಲಿದರು, ನನ್ನ ಹೆಂಡತಿಯೂ ಇದ್ದಳು. ಶಾಸ್ತ್ರ ಚೆನ್ನಾಗಿ ಆಯಿತು. ಅದರ ಮಾರನೆಯ ಬೆಳಿಗ್ಗೆ ಮಗಳಿಗೆ ಬಿಪಿ ಏರಿ, ಕಾಲು ಊದಿ, ಅಕ್ಕ ಅವಳನ್ನು ಕರೆದುಕೊಂಡು ಹೊಸಕೋಟೆಯ ಆಸ್ಪತ್ರೆಗೆ ಹೋದಳು. ಅಲ್ಲೇ ಉಳಿಯಬೇಕಾಯಿತು. ಮನೆ ಚೊಕ್ಕಟ ಮಾಡಿದ ಓರಗಿತ್ತಿ ಸಿಪ್ಪೆಯನ್ನೆಲ್ಲ ಗುಡಿಸಿ ತಿಪ್ಪೆಗೆ ಹಾಕಿದಳು. ಅವಳ ಮನೆಯಲ್ಲಿ ಅದನ್ನು ಹಾಕುವ ಜಾಗ ಅದೇ.

ಮಂಕರಿಗಟ್ಟಲೆ ಹಬ್ಬುಗಡ್ಲೆ ಸಿಪ್ಪೆ, ತಿಪ್ಪೆಯ ನೆತ್ತಿಯ ಮೇಲೆ, ಬಿತ್ತನೆಯ ಹೊತ್ತಿನಲ್ಲಿ. ನಾನು ಅದನ್ನು ದಾಟಿಕೊಂಡೇ ಕಾಲೇಜಿಗೆ ಹೋಗುತ್ತಿದ್ದೆ. ಯಾರ್ಯಾರೋ ಅಲ್ಲಿ ನಿಂತಿದ್ದರು ಎಂದು ಈಗ ಅನ್ನಿಸುತ್ತದೆ. ಆಗ ಕಂಡಿತ್ತೋ ಇಲ್ಲವೋ ಆಣೆ ಮಾಡಿ ಹೇಳಲಾರೆ. ಆರಿದ್ರೆ ಮಳೆ ಆ ವಾರವೇ ಬಿತ್ತು. ಇದ್ದ ಗಿಡಗಡ್ಲೆಯನ್ನು ಎಣ್ಣೆಗೆ ಕೊಟ್ಟು, ಚಿಂತಾಮಣಿಯ ಕಡೆಯ ನೆಂಟರಿಂದ ಹಬ್ಬುಗಡ್ಲೆ ತರಿಸಿ, ಊರಿಗೆ ಊರೇ ಬಿತ್ತಿ ಮುಗಿಸಿತು.

ಮಗಳು ಸುಧಾರಿಸಿಕೊಂಡ ಮೇಲೆ ಅಕ್ಕ ಬಂದಳು. ಬಸ್ಸಿಳಿದು ಚೀಲ ಕೆಳಗಿಡುವುದಕ್ಕೂ ಬಿಡದೆ ಮುನಿರಾಜು ಎದುರು ಬಂದು ನಿಂತ.

"ಅಕ್ಕೋ, ಒಟ್ಟು ಹಬ್ಬುಗಡ್ಲೆನೇ ಜಡಿದ್ಬುಟ್ಟೆ. ನೀನು ಹೇಳ್ದಂಗೆ."

"ನಾನ್ ಯಾವಾಗ ಹೇಳ್ದೆಲಾ?"

"ಬಾಯ್ಬಿಟ್ಟು ಬೇರೆ ಹೇಳ್ಬೇಕಾ? ತಿಪ್ಪೆ ಹೇಳ್ತು."

ಅಕ್ಕ ತಿಪ್ಪೆಯ ಕಡೆ ತಿರುಗಿದಳು. ಆ ಮುಖವನ್ನು ನಾನು ಮರೆತಿಲ್ಲ. ಇದರಲ್ಲಿ ನನಗೆ ಅನುಮಾನವಿಲ್ಲ. ಹಾವಿಗೆ ಬೆದರದಿದ್ದ ಮುಖದಲ್ಲಿ ರಕ್ತವೇ ಇರಲಿಲ್ಲ.

"ಲೋ, ಅದು ಉಂಡೆ ಕಣೋ! ಮಗಳ ಉಂಡೆಗೆ ಸುಲಿದಿದ್ದು! ನೀನೂ ತಿಂದಿದೀಯಲ್ಲೋ!"

"ತಿಂದೆ ಕಣಕ್ಕ, ಚೆನ್ನಾಗಿತ್ತು," ಎಂದು ನಕ್ಕ ಮುನಿರಾಜು. "ಉಂಡೆಗೆ ಅಂತ ಹೇಳಿ ಎಲ್ಲಾರ ಕಣ್ಣಿಗೆ ಮಣ್ಣೆರಚೋದು. ನಿನ್ ಬುದ್ಧಿ ನಮಗ್ ಗೊತ್ತಿಲ್ವಾ?"

ಆಕೆ ಕೈಕಾಲು ತೊಳೆಯದೆ ಓರಗಿತ್ತಿಯ ಮನೆಗೆ ಹೋದಳು. ಅಲ್ಲಿ ಏನು ಮಾತಾಯಿತೋ ತಿಳಿಯದು. "ಸಿಪ್ಪೆ ತಿಪ್ಪೆಗ್ ಹಾಕ್ದೆ ತಲೆ ಮೇಲ್ ಹೊತ್ಕಬೇಕಿತ್ತಾ?" ಎಂಬ ಓರಗಿತ್ತಿಯ ದನಿ ಮಾತ್ರ ಬೀದಿಗೆ ಕೇಳಿಸಿತು. ಮಾರನೆಯ ದಿನದಿಂದ ಅಕ್ಕ ಹೊಲ ಹೊಲ ತಿರುಗಿದಳು. ತನ್ನ ಹೊಲಕ್ಕೆ ಎಂದಿನಂತೆ ಅರ್ಧ ಅರ್ಧ ಬಿತ್ತಿ, ಉಳಿದ ಹೊತ್ತೆಲ್ಲ ಇನ್ನೊಬ್ಬರ ಬದುವಿನ ಮೇಲೆ. "ಅರ್ಧ ಹರಗಿ ರಾಗಿ ಪೈರು ನೆಟ್ಕಳ್ರಪ್ಪ. ಇನ್ನೂ ಹೊತ್ತು ಮೀರಿಲ್ಲ. ಹಸ್ತೆ ಮಳೆ ಬರ್ನಿಲ್ಲ ಅಂದ್ರೆ ಬಿತ್ತನೆ ಬೀಜವೂ ಉಳಿಯಾಕಿಲ್ಲ, ಹಸುಗೆ ಹೊಟ್ಟೂ ಇರಾಕಿಲ್ಲ," ಎಂದು ಕೈ ಮುಗಿದಳು. ಮೊಳಕೆ ಬಂದು ಎಲೆ ಬಿಚ್ಚಿದ ಸಾಲನ್ನು ಹರಗಲು ಯಾರಿಗೆ ಮನಸ್ಸು ಬರುತ್ತದೆ? ಕೆಲವರು ನಕ್ಕರು. ಕೆಲವರು, ತಾನು ಹಾಕಿದ್ದನ್ನು ಬೇರೆಯವರು ಹಾಕಿದರೆ ಅಕ್ಕನಿಗೆ ಹೊಟ್ಟೆಯುರಿ ಎಂದರು. ಒಬ್ಬ ಮುದುಕ, "ಪರೀಕ್ಷೆ ಮಾಡ್ತಾವ್ಳೆ ನಮ್ಮನ್ನ," ಎಂದನಂತೆ.

ನನ್ನನ್ನೂ ಕರೆದುಕೊಂಡು ಹೋಗಿದ್ದಳು, ಓದಿದವರ ಮಾತು ಕೇಳಿಯಾರು ಎಂದು. ಸಿಪ್ಪೆಗೂ ಮಳೆಗೂ ಸಂಬಂಧವಿಲ್ಲ ಎಂದು ನಾನು ಅರಳಿಕಟ್ಟೆಯಲ್ಲಿ ನಿಂತು ವಿವರಿಸಿದೆ. ಎಲ್ಲರೂ ಗೌರವದಿಂದ ಕೇಳಿದರು. ಕೊನೆಗೆ ಮುನಿರಾಜು, "ಮೇಷ್ಟ್ರು ಅಕ್ಕನ ಮನೇಲೇ ಬಾಡಿಗೆ ಇರೋದು, ಅಕ್ಕನ ಕಡೆನೇ ಮಾತಾಡ್ತಾರೆ ಬುಡ್ರಪ್ಪ," ಅಂದ. ಸಭೆ ಮುಗಿಯಿತು.

ಶ್ರಾವಣದಲ್ಲಿ ಒಂದು ಸಂಜೆ ನಾವಿಬ್ಬರೂ ಕೆರೆ ಏರಿಯ ಮೇಲಿದ್ದೆವು. ಬೇರೆ ವರ್ಷಗಳಲ್ಲಿ ಅಲ್ಲಿಂದ ನೋಡಿದರೆ ಹೊಲಗಳು ತೇಪೆ ಹಾಕಿದ ಕೌದಿಯ ಹಾಗೆ ಕಾಣುತ್ತಿದ್ದವು. ಗಿಡಗಡ್ಲೆಯ ತಿಳಿ ಹಸಿರು, ಹಬ್ಬುಗಡ್ಲೆಯ ಕಡು ಹಸಿರು, ನಡುವೆ ರಾಗಿ. ಆ ವರ್ಷ ಕಣ್ಣು ಹೋಗುವ ತನಕ ಒಂದೇ ಕಡು ಹಸಿರು. ಅಂಥ ಚೆಲುವನ್ನು ಆ ಊರಿನಲ್ಲಿ ನಾನು ಕಂಡೇ ಇರಲಿಲ್ಲ. "ಎಷ್ಟು ಚೆನ್ನಾಗಿ ಕಾಣುತ್ತೆ," ಅಂದೆ.

ಅಕ್ಕ ಅಲ್ಲೇ ಕುಸಿದು ಕೂತಳು. "ಅದಕ್ಕೇ ಭಯ ಮೇಷ್ಟ್ರೇ. ಒಂದು ಕಡೆ ಬೆಂಕಿ ಬಿದ್ರೆ ಇನ್ನೊಂದ್ ಕಡೆ ಓಡಾಕೆ ಜಾಗ ಮಡಗಿಲ್ಲ."

ಇವು ಆಕೆಯವೇ ಮಾತುಗಳೋ, ನಾನು ಆಮೇಲೆ ಕಟ್ಟಿದ್ದೋ! ಆಕೆ ಕೂತದ್ದು ನಿಜ. ಎದೆಯ ಮೇಲೆ ಅಂಗೈ ಒತ್ತಿಕೊಂಡದ್ದು ನಿಜ.

ಮಳೆ ನಿಂತಿತು. ಮೋಡ ಬರುತ್ತಿತ್ತು, ನಂದಿಬೆಟ್ಟದ ಕಡೆ ಸರಿದು ಹೋಗುತ್ತಿತ್ತು. ಕಡಲೆಗಿಡದ ಎಲೆಗಳು ಮಧ್ಯಾಹ್ನಕ್ಕೆ ಕೈ ಮುಗಿದ ಹಾಗೆ ಮಡಚಿಕೊಳ್ಳತೊಡಗಿದವು. ಹೂವಿನ ಬುಡದಿಂದ ಸೂಜಿಯಂಥದ್ದೊಂದು ಇಳಿದು ಮಣ್ಣಿಗೆ ಚುಚ್ಚಿಕೊಂಡರೆ ತಾನೆ ಕಾಯಿ? ಕೆಂಪು ನೆಲ ಗಾರೆಯಂತೆ ಗಟ್ಟಿಯಾಗಿ, ಆ ಸೂಜಿಗಳು ಮಣ್ಣಿನ ಮೇಲೇ ಒಣಗಿದವು. ಮೊದಲು ಸೊರಗಿದ್ದು ಅಕ್ಕನ ಗಿಡಗಡ್ಲೆ. ಅದನ್ನು ನೋಡಿ ಊರಿನವರು ಹೆದರಲಿಲ್ಲ, ಹಿಗ್ಗಿದರು. ತಮ್ಮದು ಹಬ್ಬುಗಡ್ಲೆಯಲ್ಲವೆ!

ಬೀದಿಯಲ್ಲಿ ಯಾರಾದರೂ "ಅಕ್ಕಾ" ಎಂದರೆ ಆಕೆ ಬೆಚ್ಚುತ್ತಿದ್ದಳು. ಡೇರಿಗೆ ಹಾಲು ಹಾಕಲು ಗಂಡನನ್ನು ಕಳಿಸತೊಡಗಿದಳು. ಊಟ ಕಡಿಮೆಯಾಯಿತು. ದಿನಕ್ಕೆಷ್ಟೋ ಸಲ ನನ್ನ ಬಾಗಿಲಿಗೆ ಬಂದು, "ಮೇಷ್ಟ್ರೇ, ಫೋನಲ್ಲಿ ಏನಂತದೆ?" ಎನ್ನುತ್ತಿದ್ದಳು.

"ನಲವತ್ತು ಪರ್ಸೆಂಟು ಮಳೆ ಅಂತಿದೆ ಅಕ್ಕಾ."

"ಯಾರ ಹೊಲದ ನಲವತ್ತು?"

ನಗೆ ಬರುವ ಮಾತು. ಇಬ್ಬರೂ ನಗಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನಾನೂ ಹೆದರಿದ್ದೆ. ತರಗತಿಯಲ್ಲಿ ಸಂಭವನೀಯತೆಯ ಪಾಠ ಮಾಡುತ್ತ ಕಿಟಕಿಯಾಚೆ ಮೋಡ ನೋಡುತ್ತಿದ್ದೆ. ಹುಡುಗರೂ ನೋಡುತ್ತಿದ್ದರು. ಅವರಲ್ಲಿ ಅರ್ಧ ಜನ ಅದೇ ಸುತ್ತಿನ ಹಳ್ಳಿಗಳವರು.

ಹುಬ್ಬೆ ಕೊನೆಯಾಗುವಾಗ ಮಳೆ ಬಂತು. ಆಕೆಯ ಜೊತೆ ನಾನು ಅದೇ ಏರಿಯ ಮೇಲಿದ್ದೆ. ಮೊದಲ ಹನಿ ಆಕೆಯ ಕೈಮೇಲೆ ಬಿತ್ತು. ಆಕೆ ಅದನ್ನು ಒರೆಸಿಕೊಳ್ಳದೆ ನೋಡುತ್ತ ನಿಂತಳು. ನಾನು ಇದನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೋದ ವರ್ಷ ಹೆಂಡತಿ ಮಧ್ಯೆ ಬಾಯಿ ಹಾಕಿದಳು. "ಅವತ್ತು ನಾವು ನಿಮ್ಮ ತಂಗಿ ಮಗನ ನಾಮಕರಣಕ್ಕೆ ಹೋಗಿದ್ವಲ್ಲ? ಮಳೆ ಬಂದದ್ದನ್ನು ಅಕ್ಕ ಆಮೇಲೆ ಹೇಳಿದ್ದು." ಇರಬಹುದು. ಆದರೆ ಆ ಹನಿ ನನ್ನ ಕಣ್ಣಮುಂದಿದೆ. ಕಂಡದ್ದಲ್ಲದಿದ್ದರೆ ಇಷ್ಟು ಸ್ಪಷ್ಟವಾಗಿ ಎಲ್ಲಿಂದ ಬಂತು? ಊರಿನವರಿಗೆ ತಿಪ್ಪೆಯಲ್ಲಿ ಅಕ್ಕನ ಮಾತು ಕಂಡ ಹಾಗೆಯೇ ಬಂತೋ ಏನೋ.

ಉತ್ತರೆ, ಹಸ್ತೆ, ಚಿತ್ತೆ, ಒಂದರ ಹಿಂದೆ ಒಂದು ಹದವಾಗಿ ಸುರಿದವು. ಹಬ್ಬುಗಡ್ಲೆ ಚೇತರಿಸಿಕೊಂಡು ಹೊಸದಾಗಿ ಹೂ ಬಿಟ್ಟು ಕಾಯಿ ಕಟ್ಟಿತು. ಕೀಳುವ ಹೊತ್ತಿಗೆ ಬಿಸಿಲೂ ಬಿತ್ತು. ಹಿರಿಯರು ಕೂಡ ಅಂಥ ಬೆಳೆ ಕಂಡಿರಲಿಲ್ಲವಂತೆ. ಅಕ್ಕನ ಹೊಲದಲ್ಲಿ ಮಾತ್ರ ಅರ್ಧ ಬೆಳೆ, ಗಿಡಗಡ್ಲೆಯೆಲ್ಲ ಜೊಳ್ಳು.

ಮುನಿರಾಜು ಒಂದು ಮಂಕರಿ ಹಸಿಕಾಯಿ ಹೊತ್ತು ತಂದು ಅಕ್ಕನ ಜಗಲಿಯಲ್ಲಿಟ್ಟ. ಮೇಲೆ ಅರಿಶಿನ ಕುಂಕುಮ. ದೇವರಿಗೆ ಇಡುವ ಹಾಗೆ.

"ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬೇಡ," ಅಂದ. "ನಮಗೆಲ್ಲ ಸರಿಯಾಗಿ ಹೇಳಿ ನೀನ್ಯಾಕೆ ಅರ್ಧಕ್ಕೆ ಗಿಡಗಡ್ಲೆ ಹಾಕ್ದೆ? ನಿನ್ ಮಾತು ನೀನೇ ಕೇಳ್ನಿಲ್ವಾ?"

ಊರು ಉಳಿದಿತ್ತು. ಆಕೆ ಸಂತೋಷಪಡಬೇಕಿತ್ತು. ಅವನು ಹೋದ ಮೇಲೆ ಆ ಮಂಕರಿಯನ್ನು ಮುಟ್ಟದೆ ಬಹಳ ಹೊತ್ತು ನೋಡಿದಳು. "ಬೆಳೆ ಹೋಗಿದ್ರೆ ಬೈದು ಬುಡ್ತಿದ್ರು ಮೇಷ್ಟ್ರೇ. ಇನ್ನು ನನ್ನ ಬುಡಾಕಿಲ್ಲ," ಅಂದಳು.

ಬಿಡಲಿಲ್ಲ. ಮುಂದಿನ ವರ್ಷ ಜನ ಮರೆಮಾಚದೆ ತಿಪ್ಪೆಯ ಬಳಿ ಬಂದು ನಿಂತರು. ಆಕೆ ಎರಡೂ ಜಾತಿಯ ಸಿಪ್ಪೆ ಬೆರೆಸಿ ಎಲ್ಲರ ಕಣ್ಣೆದುರೇ ಸುರಿದಳು. "ಅಕ್ಕನ ಮನಸ್ಸು ಇನ್ನೂ ನಿಂತಿಲ್ಲ," ಎಂದು ಕಾದರು. ಸೂಲಿಬೆಲೆಯ ತಳ್ಳುಗಾಡಿಯಿಂದ ಕಡಲೆಕಾಯಿ ತಂದು ಆ ಸಿಪ್ಪೆ ಹಾಕಿದಳು. "ಹುರಿದಿದ್ದು ಅಕ್ಕಾ, ಇದು ಲೆಕ್ಕಕ್ಕಿಲ್ಲ," ಎಂದು ನಕ್ಕರು. ಒಂದು ವರ್ಷ ಬೇಸತ್ತು ಕಡಲೆಯನ್ನೇ ಬಿತ್ತದೆ ಪೂರ್ತಿ ರಾಗಿ ಹಾಕಿದಳು. ಮಳೆ ಹೊತ್ತಿಗೆ ಸರಿಯಾಗಿ ಬಂದ ವರ್ಷ ಅದು. ಊರಿನ ಮುಕ್ಕಾಲು ಪಾಲು ಹೊಲದಲ್ಲಿ ಕಡಲೆ ಇರಲಿಲ್ಲ. ಅದಾದ ಮೇಲೆ ಸುಮ್ಮನಾದಳು. ಹಳೆಯ ಹಾಗೆ ಅರ್ಧ ಅರ್ಧ ಬಿತ್ತುವುದು, ಸಿಪ್ಪೆ ಸುಡುವುದು, ಬೂದಿ ಕೆದಕುವುದು. ಊರಿನಲ್ಲಿ ಹೆಚ್ಚುಕಡಿಮೆ ಎಲ್ಲರ ಬಳಿಯೂ ಹಬ್ಬುಗಡ್ಲೆಯೇ ಉಳಿಯಿತು. ಗಿಡಗಡ್ಲೆಯ ಬೀಜವನ್ನು ಆಕೆ ಮಾತ್ರ ಸಿಪ್ಪೆ ಬಿಡಿಸದೆ ಒಂದು ಮಡಕೆಯ ತುಂಬ ಕಾದುಕೊಂಡಿದ್ದಳು. "ಯಾವತ್ತಾದ್ರೂ ಕೇಳ್ಕಂಡು ಬತ್ತಾರೆ," ಎನ್ನುತ್ತಿದ್ದಳು. ಅಷ್ಟರಲ್ಲಿ ನನಗೆ ನೆಲಮಂಗಲಕ್ಕೆ ವರ್ಗವಾಯಿತು.

ಹನ್ನೊಂದನೆಯ ದಿನದ ತಿಥಿಗೆ ನಾನೂ ಹೆಂಡತಿಯೂ ಹೋದೆವು. ಆರಿದ್ರೆ ಇನ್ನೂ ಹುಟ್ಟಿರಲಿಲ್ಲ. ಊರೆಲ್ಲ ಉತ್ತು ಕಾಯುತ್ತಿತ್ತು. ಮನೆಯ ಮುಂದೆ ಶಾಮಿಯಾನ. ಒಳಗೆ ಅಕ್ಕನ ಫೋಟೋದ ಮುಂದೆ ಆಕೆಗೆ ಇಷ್ಟವಾದುದನ್ನೆಲ್ಲ ಎಡೆ ಇಟ್ಟಿದ್ದರು. ಮುದ್ದೆ, ಅವರೆಕಾಳು ಸಾರು, ಎಲೆಅಡಿಕೆ, ಒಂದು ಮೊರದಲ್ಲಿ ಹುರಿದ ಕಡಲೆಕಾಯಿ. ಪೂಜೆಯಾದ ಮೇಲೆ ಅಕ್ಕನ ಗಂಡ ಆ ಮೊರ ಹಿಡಿದು ಬಂದವರಿಗೆಲ್ಲ ಒಂದೊಂದು ಹಿಡಿ ಹಂಚಿದರು. ಫೋಟೋದಲ್ಲಿ ಆಕೆಯ ಹೆಗಲ ಮೇಲೆ ಟವೆಲು ಇರಲಿಲ್ಲ.

"ಎಲ್ಲಿಂದ ತಂದಿರಿ?" ಎಂದು ಕೇಳಿದೆ.

"ಒಳಗೆ ಮಡಕೇಲಿತ್ತು. ಅವಳು ಜೋಪಾನ ಮಾಡಿದ್ದು. ಅವಳಿಗೇ ಅಂತ ಹುರಿಸಿದೆ," ಅಂದರು. ಕಣ್ಣು ತುಂಬಿತ್ತು.

ನನ್ನ ಕೈಯಲ್ಲಿದ್ದ ಕಾಯನ್ನು ನೋಡಿದೆ. ಆಕೆ ಕಾದಿಟ್ಟ ಗಿಡಗಡ್ಲೆಯ ಮಡಕೆಯೇ ಅದು? ಚಿಕ್ಕದಾಗಿತ್ತು, ಆದರೆ ತುದಿ ಸ್ವಲ್ಪ ಬಾಗಿದಂತೆಯೂ ಇತ್ತು. ಗಿಳಿಮೂತಿ ಇದ್ದದ್ದು ಯಾವುದಕ್ಕೆ? ಮೇಲೆ ಬರೆದದ್ದನ್ನೆಲ್ಲ ಅಷ್ಟು ಧೈರ್ಯವಾಗಿ ಬರೆದ ನನಗೆ ಆ ಹೊತ್ತಿನಲ್ಲಿ ಒಂದೂ ನೆನಪಾಗಲಿಲ್ಲ. ಯಾವ ಮಡಕೆ ಎಂದು ಕೇಳುವ ಧೈರ್ಯವೂ ಬರಲಿಲ್ಲ.

ಶಾಮಿಯಾನದ ಕೆಳಗೆ ಜನ ಕಾಯಿ ಬಿಡಿಸುತ್ತಿದ್ದರು. ತಿನ್ನುವ ಸದ್ದು ಇರಲಿಲ್ಲ. ಎಲ್ಲರೂ ಬೀಜವನ್ನು ಅಂಗೈಯಲ್ಲೇ ಬಿಟ್ಟು, ಸಿಪ್ಪೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡುತ್ತಿದ್ದರು. ಹುರಿದದ್ದು ಲೆಕ್ಕಕ್ಕಿಲ್ಲ ಎಂದು ಈ ಸಲ ಯಾರೂ ಅನ್ನಲಿಲ್ಲ. ಮುನಿರಾಜು ಮೆಲ್ಲಗೆ ಪಕ್ಕಕ್ಕೆ ಬಂದ.

"ಮೇಷ್ಟ್ರೇ, ಹೋಗೋಕ್ ಮುಂಚೆ ಅಕ್ಕ ನಿಮಗೇನಾದ್ರೂ ಹೇಳಿದ್ರಾ?"

"ಹೇಳಿದ್ದರು. ಯಾವಾಗಲೂ ಹೇಳಿದ್ದೇ. ಅರ್ಧ ಅರ್ಧ ಹಾಕಿ ಅಂತ."

"ಅದ್ ಸರಿ," ಅಂದ ಅವನು. "ಅದ್ ಬುಟ್ಟು?"

ಕೈಯಲ್ಲಿದ್ದ ಸಿಪ್ಪೆಯನ್ನು ಎಲ್ಲಿ ಹಾಕಲಿ ಎಂದು ತಿಳಿಯಲಿಲ್ಲ. ಮುಷ್ಟಿ ಬಿಗಿಹಿಡಿದು ಹಿತ್ತಲಿಗೆ ನಡೆದೆ. ನೆಂಟರಿಗೆಂದು ಬಚ್ಚಲ ಒಲೆಯಲ್ಲಿ ನೀರು ಕಾಯುತ್ತಿತ್ತು. ಕುಕ್ಕರಗಾಲಲ್ಲಿ ಕೂತು ಸಿಪ್ಪೆಯನ್ನು ಉರಿಗೆ ಹಾಕಿದೆ. ಅದು ಹೊತ್ತಿಕೊಳ್ಳುವವರೆಗೆ ಕಾದೆ.

ಬೆನ್ನ ಹಿಂದೆ ಹೆಜ್ಜೆಗಳ ಸದ್ದಾಯಿತು. ಮುನಿರಾಜು, ಅವನ ಹಿಂದೆ ಇನ್ನೂ ಕೆಲವರು, ಬಾಗಿಲಿಗೆ ಅಡ್ಡ ನಿಂತಿದ್ದರು.

"ನೋಡ್ರಲಾ," ಎಂದು ಅವನು ಪಿಸುದನಿಯಲ್ಲಿ ಹೇಳಿದ. "ಮೇಷ್ಟ್ರೂ ಸುಡ್ತಾವ್ರೆ."

ಆಮೇಲೆ ಗೋಡೆಗೆ ಒರಗಿಸಿದ್ದ ಅಕ್ಕನ ಕಡ್ಡಿಯನ್ನು ತೆಗೆದುಕೊಂಡು, ನನ್ನ ಪಕ್ಕದಲ್ಲಿ ಬಗ್ಗಿ, ಬೂದಿಯನ್ನು ಕೆದಕತೊಡಗಿದ.